ಪಾಯಸ ಕುಡಿದು ಎರಡು ಗಂಟೆಗೆ

ಇಟ್ಟಮಡುವಿನ ನಮ್ಮ ಬಾಡಿಗೆ ಮನೆಗೆ ಊರಿಂದ ಅವ್ವ ಬಂದಿದ್ದಳು. ತೂಕ ಇಳಿಸೋಕೆ ಅಕ್ಕ ಗ್ಯಾಸ್ಟ್ರಿಕ್ ಬೈಪಾಸ್ ಮಾಡಿಸಿಕೊಂಡು ಎರಡು ವರ್ಷ. ಇದು ಹಾರ್ಟಿನ ಬೈಪಾಸ್ ಅಲ್ಲ. ಹೊಟ್ಟೆಯನ್ನು ಚಿಕ್ಕದು ಮಾಡಿ ಕರುಳಿಗೆ ಜೋಡಿಸುವ ಆಪರೇಷನ್. ಮಗಳು ಸೊರಗಿದ್ದಾಳೆಂದು ಅವ್ವ ಶಾವಿಗೆ ಪಾಯಸ ಮಾಡಿ ಕುಡಿಸಿದಳು.

ಎರಡು ಗಂಟೆ ಕಳೆದಿರಬೇಕು. ಕತ್ರಿಗುಪ್ಪೆಗೆ ತರಕಾರಿ ತರಲು ಹೊರಟ ಅಕ್ಕ ಮೆಟ್ಟಿಲ ಮೇಲೇ ಕೂತುಬಿಟ್ಟಳು. ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು.

"ದೃಷ್ಟಿ ಆಗೈತೆ" ಅಂದಳು ಅವ್ವ.

ಗ್ಲೂಕೋಮೀಟರ್ 48 ತೋರಿಸಿತು. 70ಕ್ಕಿಂತ ಕೆಳಗೆ ಇಳಿದರೇ ಕಮ್ಮಿ ಅಂತ ಲೆಕ್ಕ.

"ಸಿಹಿ ಕುಡಿದೋಳಿಗೆ ಸಕ್ಕರೆ ಕಮ್ಮಿ ಆಗೋದು ಹೆಂಗೆ?"

ನ್ಯಾಯವಾದ ಪ್ರಶ್ನೆ. ಈ ಆಪರೇಷನ್ ಆದವರಲ್ಲಿ ಸಿಹಿ, ಗಂಜಿ ಹೊಟ್ಟೆಯಲ್ಲಿ ನಿಲ್ಲದೆ ಬೇಗ ಕರುಳಿಗೆ ಇಳಿಯುತ್ತೆ. ರಕ್ತದಲ್ಲಿ ಸಕ್ಕರೆ ದಿಢೀರ್ ಏರುತ್ತೆ, ಅದನ್ನು ಇಳಿಸೋಕೆ ಇನ್ಸುಲಿನ್ ಬೇಕಾದ್ದಕ್ಕಿಂತ ಹೆಚ್ಚು ಬರುತ್ತೆ, ಒಂದರಿಂದ ಮೂರು ಗಂಟೆಯೊಳಗೆ ಸಕ್ಕರೆ ಕುಸಿಯುತ್ತೆ. ಎಲ್ಲರಿಗೂ ಆಗಲ್ಲ. ಆಗುವವರಿಗೂ ಸಾಮಾನ್ಯವಾಗಿ ಆಪರೇಷನ್ ಆಗಿ ವರ್ಷ ಕಳೆದ ಮೇಲೆ.

ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿದೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಬೇಕಿತ್ತು. 15 ನಿಮಿಷ ಬಿಟ್ಟು ನೋಡಿದರೆ 82. ಉಸಿರು ಬಂತು.

ಅಷ್ಟರಲ್ಲಿ ಅವ್ವ ಇನ್ನೊಂದು ಲೋಟ ಪಾಯಸ ಹಿಡಿದು ನಿಂತಿದ್ದಳು! ಅದನ್ನೂ ಕುಡಿದರೆ ಮತ್ತೆ ಏರಿ ಮತ್ತೆ ಬೀಳುತ್ತಿತ್ತು. ಬೇಯಿಸಿದ ಮೊಟ್ಟೆ, ಒಂದು ಹಿಡಿ ಕಡಲೆಕಾಯಿ ಬೀಜ ಕೊಟ್ಟೆವು.

ಮಾರನೇ ದಿನ ಡಾಕ್ಟರಿಗೆ ತೋರಿಸಿದೆವು. ಸ್ವಲ್ಪ ಸ್ವಲ್ಪವೇ ಐದಾರು ಸಲ ತಿನ್ನು, ಮೊದಲು ಮೊಟ್ಟೆ ಕಾಳು, ಆಮೇಲೆ ಮುದ್ದೆ ಅನ್ನ ಅಂದರು.

ಈಗ ಅವ್ವ ಬರುವಾಗ ಅಕ್ಕನಿಗೆ ಹುರಿದ ಕಡಲೆಕಾಯಿ ತರುತ್ತಾಳೆ. ಪಾಯಸ ನನಗೆ.