ಕಮಾನಿನ ಕೂದಲು

ಪಿಟೀಲು ನುಡಿಸುವವರನ್ನು ಮೆಚ್ಚುವ ಲೋಕವು ಅವರ ಬೆರಳನ್ನು ಹೊಗಳುವುದುಂಟು, ನಾದವನ್ನು ಹೊಗಳುವುದುಂಟು. ಕಮಾನಿನ ಕೂದಲನ್ನು ಹೊಗಳಿದವರು ವಿರಳ. ಅದು ಸವೆದು, ಉದುರಿ, ಎಷ್ಟು ರಾಳ ತೀಡಿದರೂ ತಂತಿಯನ್ನು ಹಿಡಿಯದೆ ಜಾರತೊಡಗಿದಾಗಲೇ ಅದರ ನೆನಪು. ಹೊಸ ಕೂದಲನ್ನು ಮನೆಯಲ್ಲಿಯೇ ಕಟ್ಟಿಕೊಳ್ಳಬಹುದೆ, ಕುಶಲಿಗಳ ಕೈಗೆ ಒಪ್ಪಿಸಬೇಕೆ ಎಂಬ ಪ್ರಶ್ನೆಯು ಆಗ ಏಳುತ್ತದೆ.

ಬೆಂಗಳೂರಿನಲ್ಲಿರುವವರಿಗೆ ಇದು ದೊಡ್ಡ ಪ್ರಶ್ನೆಯಲ್ಲ. ಟೇಕಲ್ಲಿನಂತಹ ಊರಿನಲ್ಲಿ ಮಗಳಿಗೆ ಪಿಟೀಲು ಕಲಿಸುತ್ತಿರುವ ಗೃಹಸ್ಥನಿಗೆ ಮಾತ್ರ ಇದು ಪ್ರಶ್ನೆಯೇ ಸರಿ. ಮಾಲೂರಿಗೂ ಬಂಗಾರಪೇಟೆಗೂ ನಡುವೆ, ೧೮೬೪ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿನವರೆಗೆ ತೆರೆದ ರೈಲುದಾರಿಯ ಮೇಲಿರುವ ಈ ಊರಿಗೆ ರಾಜಧಾನಿಯೇನೂ ದೂರವಲ್ಲ. ಆದರೂ ಕಮಾನನ್ನು ಕೊಟ್ಟುಬರಲು ಒಂದು ದಿನ, ತರಲು ಇನ್ನೊಂದು ದಿನ. ನಡುವಿನ ದಿನಗಳಲ್ಲಿ ಸಾಧನೆಗೆ ರಜೆ. ವೀಣೆಗೆ ಮೇಣವಿಟ್ಟು ಮೇಳ ಕಟ್ಟುವ ಕೈಗಳು ನಮ್ಮಲ್ಲಿ ತಲೆಮಾರುಗಳಿಂದ ಉಂಟು. ಪಿಟೀಲಾದರೋ ಬಾಲುಸ್ವಾಮಿ ದೀಕ್ಷಿತರ ಕಾಲದಲ್ಲಿ ನಮ್ಮ ಸಂಗೀತಕ್ಕೆ ಒಲಿದ ಪರದೇಶದ ವಾದ್ಯ. ವಾದ್ಯವು ಬಂದಷ್ಟು ಬೇಗ ಅದರ ಕಮಾನಿನ ಕೆಲಸವು ಹಳ್ಳಿಗಳಿಗೆ ಬರಲಿಲ್ಲ.

ನೋಡುವವರಿಗೆ ಕೆಲಸವು ಬಲು ಸುಲಭ. ಕುದುರೆಯ ಬಾಲದ ನೂರೈವತ್ತು ಇನ್ನೂರು ಕೂದಲುಗಳನ್ನು ಒಂದು ಕಡೆ ದಾರದಿಂದ ಬಿಗಿಯಾಗಿ ಕಟ್ಟುವುದು. ಆ ಗಂಟನ್ನು ಕಮಾನಿನ ತುದಿಯ ಗೂಡಿನಲ್ಲಿಟ್ಟು ಸಣ್ಣ ಮರದ ಬೆಣೆಯಿಂದ ಮುಚ್ಚುವುದು. ಕೂದಲನ್ನು ತೇವಮಾಡಿ ಬಾಚಿ, ಅಳತೆ ನೋಡಿ ಇನ್ನೊಂದು ತುದಿಯನ್ನು ಕಟ್ಟಿ, ಹಿಡಿಯ ಬಳಿಯ ಕರಿಮರದ ತುಂಡಿನೊಳಗೆ ಮತ್ತೊಂದು ಬೆಣೆಯಿಂದ ನಿಲ್ಲಿಸುವುದು. ಕೊನೆಗೆ ಕೂದಲು ಪಟ್ಟಿಯಂತೆ ಹರಡಿ ನಿಲ್ಲಲು ಲೋಹದ ಉಂಗುರದೊಳಗೆ ಮೂರನೆಯ ಬೆಣೆ. ಅಂಟು ಬೇಕಿಲ್ಲ, ಯಂತ್ರ ಬೇಕಿಲ್ಲ. ಚೂರಿ, ದಾರ, ಬಾಚಣಿಗೆ ಯಾರ ಮನೆಯಲ್ಲಿಲ್ಲ?

ತೊಡಕೆಲ್ಲ ಅಳತೆಯಲ್ಲಿದೆ. ಕೂದಲು ಉದ್ದವಾದರೆ ತಿರುಪನ್ನು ಕೊನೆಯವರೆಗೆ ತಿರುಗಿಸಿದರೂ ಕಮಾನು ಬಿಗಿಯದು. ಗಿಡ್ಡವಾದರೆ ಅದಕ್ಕಿಂತ ಕೇಡು: ಕಮಾನು ಎಂದೂ ಸಡಿಲವಾಗದೆ ತನ್ನ ಸಹಜವಾದ ಬಾಗನ್ನು ಕಳೆದುಕೊಳ್ಳುತ್ತದೆ. ಕೂದಲು ಮಳೆಗಾಲದ ತೇವದಲ್ಲಿ ಹಿಗ್ಗುತ್ತದೆ, ಒಣಹವೆಯಲ್ಲಿ ಕುಗ್ಗುತ್ತದೆ. ಆಷಾಢದಲ್ಲಿ ಸರಿಯೆಂದು ಕಟ್ಟಿದ ಅಳತೆಯು ಕೋಲಾರದ ಸೀಮೆಯ ಚೈತ್ರ ವೈಶಾಖಗಳಲ್ಲಿ ತುದಿಯನ್ನೇ ಮುರಿಯುವಷ್ಟು ಎಳೆಯಬಹುದು. ಒಂದು ಪಕ್ಕದಲ್ಲಿ ಹೆಚ್ಚು ಬಿಗಿಯಾಗಿ ಕಟ್ಟಿದರೆ ಕೋಲು ಆ ಕಡೆಗೆ ತಿರುಚಿಕೊಳ್ಳುತ್ತದೆ.

ಬೆಣೆಯ ವಿಷಯವನ್ನು ಟೇಕಲ್ಲಿನವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಊರಿನ ಸುತ್ತ ಬಂಡೆಗಳೇ ಬಂಡೆಗಳು. ಕಲ್ಲುಕುಟಿಗನು ಬಂಡೆಯಲ್ಲಿ ಸಾಲಾಗಿ ಗುಳಿ ತೋಡಿ, ಬೆಣೆಗಳನ್ನಿಟ್ಟು ಬಡಿದರೆ ಆನೆಯಂತಹ ಕಲ್ಲು ಎರಡಾಗುತ್ತದೆ. ಅಲ್ಲಿ ಸೀಳುವುದೇ ಬೆಣೆಯ ಧರ್ಮ. ಕಮಾನಿನಲ್ಲಿ ಹಿಡಿದು ನಿಲ್ಲಿಸುವುದು ಅದರ ಧರ್ಮ. ಆದರೆ ಎಳ್ಳಿನಷ್ಟು ದಪ್ಪವಾದ ಬೆಣೆಯನ್ನು ಬಲವಂತದಿಂದ ಒತ್ತಿದರೆ ಅದಕ್ಕೆ ತನ್ನ ಹಳೆಯ ಧರ್ಮವೇ ನೆನಪಾಗಿ, ಕಮಾನಿನ ತಲೆಯು ಸೀಳಿಹೋಗುತ್ತದೆ. ತಲೆಯೊಡೆದ ಕಮಾನನ್ನು ಮೊದಲಿನಂತೆ ಮಾಡುವುದು ಕುಶಲಿಗಳಿಗೂ ಕಷ್ಟ.

ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಏಳು ತಂತಿ ಹೂಡಲಿಲ್ಲವೆ, ಕೂದಲು ಕಟ್ಟುವುದಕ್ಕೆ ಇಷ್ಟು ಅಂಜಿಕೆಯೆ ಎಂದು ಕೇಳುವವರುಂಟು. ದೊಡ್ಡ ಸಭೆಯಲ್ಲಿ ನಾದವು ಸಾಲದೆಂಬುದನ್ನು ನುಡಿಸಿ ನುಡಿಸಿ ಅರಿತ ಕೈಯ ಧೈರ್ಯವದು. ಕಾಸು ಉಳಿಸುವ ಅವಸರದ ಧೈರ್ಯವೇ ಬೇರೆ.

ಆದುದರಿಂದ ಯಾವ ಕಮಾನು ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಮಗಳು ಸರಳೆ ವರಸೆಗೆ ಬಳಸುವ ಅಗ್ಗದ ಕಮಾನಾದರೆ ಮನೆಯಲ್ಲಿ ಬಿಚ್ಚಿ ಕಟ್ಟಿ ನೋಡುವುದರಲ್ಲಿ ತಪ್ಪಿಲ್ಲ. ಕೆಟ್ಟರೂ ಕೈ ಕಲಿಯಿತು. ಮಗಳಿಗೂ ತಾನು ದಿನವೂ ಎಳೆಯುವ ವಸ್ತುವಿನ ಒಳಗುಟ್ಟು ತಿಳಿಯಿತು. ಅಜ್ಜನಿಂದ ಬಂದದ್ದು, ಅದರಲ್ಲಿಯೂ ಬ್ರೆಜಿಲ್ ದೇಶದ ಪೆರ್ನಾಂಬುಕೊ ಮರದ್ದಾದರೆ ಮಾತು ಬೇರೆ. ಆ ಮರವು ವಿರಳವಾಗಿ, ೨೦೦೭ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುಪಾಡು ಬಂದಿದೆ. ಅಂತಹ ಕೋಲಿನ ಮೇಲೆ ಮೊದಲ ಪಾಠ ಕಲಿಯುವುದು ಸಲ್ಲದು. ಎರಡು ದಿನದ ರೈಲುಖರ್ಚು ಅಜ್ಜನ ಕಮಾನಿಗಿಂತ ಹೆಚ್ಚಿನದಲ್ಲ.

ಹಾಗೆಂದು ಮನೆಯವರ ಪಾಲಿಗೆ ಕೆಲಸವೇ ಇಲ್ಲವೆಂದಲ್ಲ. ನುಡಿಸಿಯಾದ ಮೇಲೆ ತಿರುಪನ್ನು ಸಡಿಲಿಸುವುದು, ಕೋಲಿನ ಮೇಲಿನ ರಾಳದ ಪುಡಿಯನ್ನು ಒರೆಸುವುದು, ತುಂಡಾದ ಕೂದಲನ್ನು ಕೀಳದೆ ಬುಡದಲ್ಲಿ ಕತ್ತರಿಸುವುದು, ಜಿಡ್ಡಿನ ಬೆರಳನ್ನು ಕೂದಲಿಗೆ ತಾಗಿಸದಿರುವುದು, ಇವನ್ನು ಯಾವ ಕುಶಲಿಯೂ ಬಂದು ಮಾಡಿಕೊಡಲಾರನು. ಇವನ್ನು ತಪ್ಪದೆ ನಡೆಸಿದ ಮನೆಯಲ್ಲಿ ಕೂದಲು ಹೆಚ್ಚು ಕಾಲ ಬಾಳುತ್ತದೆ. ಹೊಸ ಕೂದಲು ಬಂದ ದಿನವೂ ಸಹನೆ ಬೇಕು. ರಾಳ ಹಿಡಿಯುವವರೆಗೆ ಅದು ತಂತಿಯ ಮೇಲೆ ಮೂಕವಾಗಿ ಜಾರುತ್ತದೆ. ತಂತಿಗಳನ್ನು ಹೊತ್ತು ನಿಂತ ಮರದ ಕುದುರೆಗೂ ಬಾಲದ ಕೂದಲಿತ್ತ ಜೀವದ ಕುದುರೆಗೂ ಹೊಂದಿಕೆಯಾಗಲು ಅಷ್ಟು ಹೊತ್ತಾದರೂ ಕೊಡಬೇಡವೆ?