ಕಬ್ಬಿನ ನಾಡಿನ ಹೆಪ್ಪು

ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲ್ಲೂಕಿನ ಊರು ಬಾಡಗಂಡಿ. ಕೃಷ್ಣೆ, ಘಟಪ್ರಭೆಗಳ ನೀರುಂಡ ಈ ಸೀಮೆ ಕಬ್ಬಿಗೆ ಹೆಸರಾದದ್ದು. ಹಂಗಾಮು ಆರಂಭವಾಯಿತೆಂದರೆ ಇಲ್ಲಿನ ಸಕ್ಕರೆ ಕಾರ್ಖಾನೆಯತ್ತ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು. ಸರದಿ ಕಾಯುವ ರೈತನಿಗೆ ಒಂದೇ ಚಿಂತೆ. ತಡವಾದಷ್ಟೂ ಕಡಿದ ಕಬ್ಬಿನ ತೂಕ ಇಳಿಯುತ್ತದೆ. ಕಡಿದ ಕಡೆಯಿಂದ ಒಳಹೊಕ್ಕ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ತಿನ್ನತೊಡಗುತ್ತವೆ. ಗಾಣದವರು ಕಬ್ಬಿನ ಹಾಲನ್ನು ಹಿಂಡಿದ ಕೂಡಲೇ ಕುದಿಯಲು ಇಡುವುದೂ ಅದು ಹುಳಿಯಬಾರದೆಂದೇ.

ಇಲ್ಲಿ ನಷ್ಟವೆನಿಸಿದ ಹುದುಗುವಿಕೆಯೇ ಡಿಸ್ಟಿಲರಿಯಲ್ಲಿ ಲಾಭ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸಕ್ಕರೆಯ ಅಂಶವೇ. ಅದಕ್ಕೆ ನೀರು ಬೆರೆಸಿ ಯೀಸ್ಟ್ ಸೇರಿಸಿದರೆ ಮದ್ಯಸಾರ ಸಿದ್ಧ. ಪೆಟ್ರೋಲಿಗೆ ಬೆರೆಸುವ ಎಥನಾಲ್ ಇದೇ. ಯೀಸ್ಟ್ ಎಂದರೆ ಏಕಕೋಶದ ಶಿಲೀಂಧ್ರ. ಲೆಕ್ಕದ ಪ್ರಕಾರ ಅದು 180 ಗ್ರಾಂ ಗ್ಲೂಕೋಸನ್ನು 92 ಗ್ರಾಂ ಮದ್ಯಸಾರ, 88 ಗ್ರಾಂ ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ.

ಆದರೆ ದೊಡ್ಡ ತೊಟ್ಟಿಗೆ ಚಿಟಿಕೆ ಯೀಸ್ಟ್ ಸಾಲದು. ಅದು ಬೆಳೆದು ಹಬ್ಬುವಷ್ಟರಲ್ಲಿ ಹುಳಿ ಬರಿಸುವ ಬ್ಯಾಕ್ಟೀರಿಯಾಗಳು ಜಾಗ ಹಿಡಿದಿರುತ್ತವೆ. ಆದ್ದರಿಂದ ಪ್ರಯೋಗಾಲಯದ ನಳಿಕೆಯಲ್ಲಿನ ಯೀಸ್ಟನ್ನು ಚಿಕ್ಕ ಪಾತ್ರೆಯಿಂದ ದೊಡ್ಡದಕ್ಕೆ, ಹಂತ ಹಂತವಾಗಿ, ಗಾಳಿ ಕೊಟ್ಟು ಬೆಳೆಸುತ್ತಾರೆ. ಹೀಗೆ ಬೆಳೆದದ್ದೇ ಹೆಪ್ಪು. ಬಾರ್ಲಿ ಮೊಳಕೆಯ ರಸದಿಂದ ಬಿಯರ್ ತಯಾರಿಸುವಲ್ಲಿಯೂ ಇದೇ ಕ್ರಮ.

ಈ ಗುಟ್ಟು ಬಯಲಾದದ್ದು ಸಕ್ಕರೆಯ ಸೀಮೆಯಲ್ಲಿಯೇ. 1856ರಲ್ಲಿ ಫ್ರಾನ್ಸಿನ ಲೀಲ್ ಪಟ್ಟಣದಲ್ಲಿ ಬೀಟ್ ರಸದಿಂದ ಮದ್ಯಸಾರ ತೆಗೆಯುತ್ತಿದ್ದ ಕಾರ್ಖಾನೆಯೊಂದರ ತೊಟ್ಟಿಗಳು ಹುಳಿತು ಕೆಟ್ಟವು. ಲೂಯಿ ಪಾಶ್ಚರ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೆಟ್ಟ ತೊಟ್ಟಿಗಳಲ್ಲಿ ಯೀಸ್ಟಿಗಿಂತ ಚಿಕ್ಕದಾದ ಬೇರೆ ಜೀವಿಗಳಿದ್ದವು. 1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಎಮಿಲ್ ಹ್ಯಾನ್ಸನ್ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿ ದಾರಿ ತೋರಿದರು.

ಶುದ್ಧ ಪಾತ್ರೆ, ಹದವಾದ ಬಿಸಿ, ಸಾಕಷ್ಟು ಹೆಪ್ಪು: ಹಾಲಿಗೆ ಹೆಪ್ಪು ಹಾಕುವ ತಾಯಂದಿರಿಗೆ ಈ ಮೂರೂ ಗೊತ್ತು. ಮೊಸರಿನ ಕೆಲಸ ಬ್ಯಾಕ್ಟೀರಿಯಾದ್ದು, ಅಷ್ಟೇ ವ್ಯತ್ಯಾಸ. ಮಕ್ಕಳು ಯೀಸ್ಟಿನ ಕೆಲಸವನ್ನೂ ಮನೆಯಲ್ಲಿಯೇ ನೋಡಬಹುದು. ಎರಡು ಸೀಸೆಗಳಲ್ಲಿ ಬೆಲ್ಲದ ನೀರು ತುಂಬಿ, ಒಂದರಲ್ಲಿ ಉಗುರುಬೆಚ್ಚಗಿರುವಾಗ, ಇನ್ನೊಂದರಲ್ಲಿ ಹಿರಿಯರ ಕೈಯಿಂದ ಬಲು ಬಿಸಿಯಿರುವಾಗ, ಬೇಕರಿಯ ಒಣ ಯೀಸ್ಟ್ ಹಾಕಿ ಬಾಯಿಗೆ ಬಲೂನು ಸಿಕ್ಕಿಸಬೇಕು. ಮುಚ್ಚಳ ಬಿಗಿಯಬಾರದು, ನೀರನ್ನು ಕುಡಿಯಬಾರದು. ಮೊದಲನೆಯ ಬಲೂನು ಉಬ್ಬುತ್ತದೆ. ಎರಡನೆಯದರಲ್ಲಿ ಯೀಸ್ಟ್ ಸತ್ತಿರುವುದರಿಂದ ಅದು ಉಬ್ಬದು.