ಕಾಣದ್ದನ್ನು ಹಾಕು

ಅಪಾಯವನ್ನು ಬರೆಯಲು ಒಂದು ಸಾಲು ಸಾಕಂತೆ. ಮೊದಲು ರೇಖಾಂಶ, ಆಮೇಲೆ ಅಕ್ಷಾಂಶ, ಕೊನೆಗೆ ಹೆಸರು, ನಡುನಡುವೆ ಅಲ್ಪವಿರಾಮ. ಹೀಗೆ ನೋಟ್‌ಪ್ಯಾಡಿನಲ್ಲಿ ಬರೆದು ಸಿಎಸ್‌ವಿ ಫೈಲ್ ಮಾಡಿಟ್ಟರೆ, ಗಾರ್ಮಿನ್‌ನವರು ಪುಕ್ಕಟೆ ಕೊಡುವ ‘ಪಿಒಐ ಲೋಡರ್’ ಎಂಬ ತಂತ್ರಾಂಶ ಅದನ್ನು ಓದಿ, ತನ್ನದೇ ಒಂದು ಗಂಟು ಕಟ್ಟಿ, ಕಾರಿನ ಗಾಜಿಗೆ ಅಂಟಿಸುವ ಪುಟ್ಟ ಜಿಪಿಎಸ್ ಪೆಟ್ಟಿಗೆಯೊಳಗೆ ಕೂರಿಸುತ್ತದೆ. ಆಮೇಲೆ ಆ ಜಾಗ ಹತ್ತಿರ ಬಂದಾಗಲೆಲ್ಲ ಪೆಟ್ಟಿಗೆ ಕೂಗುತ್ತದೆ. ಮಗ ಇದನ್ನೆಲ್ಲ ಭಾವನಿಗೆ ವಿವರಿಸುತ್ತಿದ್ದ. ನಾನು ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿದ್ದೆ. ನನಗೆ ಕಾರು ಓಡಿಸಲು ಬರುವುದಿಲ್ಲ. ಹಾಗಾಗಿ ಇದರಲ್ಲಿ ಯಾವುದು ಸಹಜ, ಯಾವುದು ವಿಚಿತ್ರ ಎಂದು ಗೊತ್ತಾಗುವುದೂ ಇಲ್ಲ.

*

ಶಾಲೆಯಲ್ಲಿ ಕಲಿಸಿದ್ದು ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ. ಫೋನಿನ ನಕ್ಷೆಯೂ ಅದೇ ಕ್ರಮದಲ್ಲಿ ತೋರಿಸುತ್ತದೆ. ಈ ಫೈಲಿಗೆ ಮಾತ್ರ ತಿರುಗಾಮುರುಗ. ಅದಲುಬದಲಾದರೆ ಏನಾದೀತು ಎಂದು ಲೆಕ್ಕ ಹಾಕಿ ನೋಡಿದೆ. ಬೆಂಗಳೂರು ಸುಮಾರು 12.97 ಉತ್ತರ, 77.59 ಪೂರ್ವ. ತಿರುಗಿಸಿದರೆ 77.59 ಉತ್ತರ, 12.97 ಪೂರ್ವ, ಅಂದರೆ ನಾರ್ವೆಯನ್ನೂ ದಾಟಿ, ಸ್ಪಿಟ್ಸ್‌ಬರ್ಗೆನ್ ದ್ವೀಪದ ಪಡುವಣ ಕಡಲು. ಜಯನಗರದ ಹಂಪು ಆರ್ಕ್ಟಿಕ್ ನೀರಿಗೆ ಬಿದ್ದಿರುತ್ತದೆ, ಪೆಟ್ಟಿಗೆ ಚಕಾರ ಎತ್ತುವುದಿಲ್ಲ. ಎರಡೂ 90ರೊಳಗಿನ ಸಂಖ್ಯೆಗಳಾದ್ದರಿಂದ ಎಡವಟ್ಟಾಗಿದೆ ಎಂದು ಯಂತ್ರಕ್ಕೆ ಹೊಳೆಯಲು ದಾರಿಯೇ ಇಲ್ಲ. ಟೋಕಿಯೊದವರಾದರೆ ಬಚಾವು. 139 ಡಿಗ್ರಿ ಅಕ್ಷಾಂಶ ಎಂಬುದು ಭೂಮಿಯ ಮೇಲೆ ಇಲ್ಲ.

*

ಹೆಸರಿನ ಕೊನೆಗೆ @ ಚಿಹ್ನೆ ಹಾಕಿ ಒಂದು ಸಂಖ್ಯೆ ಬರೆದರೆ ಅದು ವೇಗ. ‘ಹಂಪ್@20’ ಎಂದು ಬರೆದರೆ ಇಪ್ಪತ್ತಕ್ಕಿಂತ ಜೋರಾಗಿ ಬಂದವನಿಗೆ ಮಾತ್ರ ಕೂಗು. ನಿಧಾನಕ್ಕೆ ಬಂದವನ ತಂಟೆಗೆ ಹೋಗುವುದಿಲ್ಲ. ಇದು ನನಗೆ ಹಿಡಿಸಿತು. ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬಂತು: ಎಷ್ಟು ದೂರದಲ್ಲಿ ಕೂಗಬೇಕು?

ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಮಾರ್ಗಸೂಚಿಯಲ್ಲಿ ಹಂಪಿಗೊಂದು ಆಕಾರವಿತ್ತು. ಅಗಲ 3.7 ಮೀಟರ್, ನಡುವೆ ಎತ್ತರ 10 ಸೆಂಟಿಮೀಟರ್, ಗಂಟೆಗೆ 25 ಕಿ.ಮೀ. ವೇಗದಲ್ಲಿ ನೆಮ್ಮದಿಯಾಗಿ ದಾಟುವಂತೆ. ಎಚ್ಚರಿಕೆಯ ಫಲಕ 40 ಮೀಟರ್ ಮೊದಲು ಇರಬೇಕು ಎಂದಿತ್ತು. ಅರವತ್ತರ ವೇಗದಲ್ಲಿ ಹೋಗುವ ಕಾರು ಸೆಕೆಂಡಿಗೆ ಹದಿನಾರೂವರೆ ಮೀಟರಿಗಿಂತ ಹೆಚ್ಚು ಓಡುತ್ತದೆ; 40 ಮೀಟರ್ ಎಂದರೆ ಎರಡೂವರೆ ಸೆಕೆಂಡೂ ಇಲ್ಲ. ಇದನ್ನು ಭಾವನಿಗೆ ಓದಿ ಹೇಳಿದೆ.

“ಅಷ್ಟರಲ್ಲಿ ಬೋರ್ಡು ಓದಿದವ ಬ್ರೇಕ್ ಹಾಕುದಿಲ್ಲ, ಬ್ರೇಕ್ ಹಾಕಿದವ ಬೋರ್ಡು ಓದಿರುದಿಲ್ಲ” ಅಂದರು. ಮಗ 150 ಮೀಟರ್ ಎಂದು ಒತ್ತಿದ.

ಪುಸ್ತಕದ ಆ ಹಂಪು ನಮ್ಮ ಕಡೆ ಎಲ್ಲಿದೆ ಎಂದು ಕೇಳಿದ್ದಕ್ಕೆ ಇಬ್ಬರೂ ಉತ್ತರ ಕೊಡಲಿಲ್ಲ.

*

ಭಾವ ಅರ್ಧ ಆಯುಷ್ಯ ಆಗುಂಬೆ ಘಾಟಿಯಲ್ಲಿ ಬಸ್ಸು ಓಡಿಸಿದವರು. ಈಗ ಕೊಪ್ಪದ ಹತ್ತಿರ ತೋಟ ನೋಡಿಕೊಂಡಿದ್ದಾರೆ. ಮಗನಿಗೆ ಬೆಂಗಳೂರಿನಿಂದ ರಾತ್ರಿ ಹೊರಟು ಬೆಳಗಿನ ಜಾವ ಘಾಟಿ ಇಳಿಯುವ ಚಟ. ಅವನ ಸಲುವಾಗಿಯೇ ಈ ಪಟ್ಟಿ. ಘಾಟಿಯಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಪೆಟ್ಟಿಗೆಗೆ ಆಕಾಶ ಕಂಡರೆ ಸಾಕು. ಜರ್ಮನಿಯಲ್ಲಿ ಕೊಂಡ ಪೆಟ್ಟಿಗೆಯಲ್ಲಿ ನಮ್ಮ ರಸ್ತೆಗಳಿರಲಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಪುಕ್ಕಟೆ ನಕ್ಷೆ ತಂದು ತುಂಬಿಸಿದ್ದಾನೆ.

ಮಗ ಮೊದಲು ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ಹಾಕಲು ಹೊರಟ. ಭಾವ ತಡೆದರು.

“ಅದೆಲ್ಲ ಎಂತಕ್ಕೆ? ತಿರುವು ತಿರುವಿನ ಹಾಗೇ ಕಾಣ್ತದೆ. ಕಾಣದ್ದನ್ನು ಹಾಕು ಮಾರಾಯ.”

ಅವರು ಹೇಳಿದ್ದನ್ನು ಹೇಳಿದ ಕ್ರಮದಲ್ಲೇ ಬರೆದಿದ್ದೇನೆ. ಸೋಮೇಶ್ವರದಲ್ಲಿ ಘಾಟಿ ಮುಗಿದ ಮೇಲಿನ ರಸ್ತೆ. ಅಷ್ಟು ಹೊತ್ತು ಬಿಗಿಹಿಡಿದ ಕಾಲು ಅಲ್ಲಿ ಸಡಿಲಾಗಿ ಆಕ್ಸಿಲರೇಟರ್ ಮೇಲೆ ಬೀಳುತ್ತದಂತೆ. ಒಂದು ದೊಡ್ಡ ಧೂಪದ ಮರದ ನೆರಳು. ಜೂನಿನಿಂದ ನವೆಂಬರಿನವರೆಗೆ ಅಲ್ಲಿ ಟಾರು ಒಣಗುವುದಿಲ್ಲ, ಪಾಚಿ. ಕಾಫಿ ಎಸ್ಟೇಟಿನ ಒಂದು ಗೇಟು. ಕೊಯ್ಲಿನ ತಿಂಗಳುಗಳಲ್ಲಿ ಆಳುಗಳನ್ನು ತುಂಬಿಕೊಂಡ ಜೀಪು ಹಾರ್ನ್ ಮಾಡದೆ ನುಗ್ಗುತ್ತದೆ. ಕಡೂರಿನ ಆಚೆ ಹುರುಳಿ ಸೊಪ್ಪು, ರಾಗಿ ತೆನೆ ಹಾಸುವ ಜಾಗಗಳು. ಹೋಗುವ ಬರುವ ಗಾಡಿಗಳಿಂದಲೇ ಒಕ್ಕಣೆ, ಅದರ ಮೇಲೆ ಬ್ರೇಕ್ ಹಾಕಿದರೆ ಚಕ್ರ ಕೇಳುವುದಿಲ್ಲ. ಒಂದು ಬಾರ್, “ಸಂಜೆ ಏಳರ ಮೇಲೆ ಮಾತ್ರ ಹಾಕು, ಬೆಳಿಗ್ಗೆ ಅಲ್ಲಿ ಎಂತ ಇಲ್ಲ.”

ಮಗ ಬೆರಳು ನಿಲ್ಲಿಸಿದ. “ಮಾವ, ಇದಕ್ಕೆ ಹೊತ್ತುಗೊತ್ತು ಇಲ್ಲ. ಜಾಗ ಮಾತ್ರ ಹಾಕ್ಬಹುದು.”

*

ಇದು ನನಗೆ ಎಷ್ಟು ಯೋಚಿಸಿದರೂ ಬಗೆಹರಿಯದ ಸಂಗತಿ. ಜಿಪಿಎಸ್ ಎಂಬುದು ಮೂಲತಃ ಗಡಿಯಾರಗಳ ವ್ಯವಸ್ಥೆ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಒಂದೊಂದು ಉಪಗ್ರಹದಲ್ಲೂ ಪರಮಾಣು ಗಡಿಯಾರವಿದೆ. ಅವು ಸದಾ ಹೇಳುತ್ತಿರುವುದು ಎರಡೇ ಮಾತು: ನಾನು ಇಲ್ಲಿದ್ದೇನೆ, ಈಗ ಗಂಟೆ ಇಷ್ಟು. ಆ ಸಂಕೇತ ಕೆಳಗೆ ಬರಲು ಹಿಡಿದ ಹೊತ್ತನ್ನು ಅಳೆದು ಪೆಟ್ಟಿಗೆ ತಾನೆಲ್ಲಿದ್ದೇನೆ ಎಂದು ಕಂಡುಕೊಳ್ಳುತ್ತದೆ. ಲೆಕ್ಕದಲ್ಲಿ ಒಂದು ಮೈಕ್ರೋಸೆಕೆಂಡ್ ತಪ್ಪಿದರೆ ದೂರದಲ್ಲಿ 300 ಮೀಟರ್ ತಪ್ಪುತ್ತದೆ. ಅಷ್ಟು ನಿಖರವಾಗಿ ಹೊತ್ತು ಬಲ್ಲ ಯಂತ್ರಕ್ಕೆ ‘ಸಂಜೆ ಏಳರ ಮೇಲೆ’ ಎಂದು ಬರೆದುಕೊಡಲು ಆ ಫೈಲಿನಲ್ಲಿ ಒಂದು ಕಾಲಂ ಇಲ್ಲ. ಜೂನಿನಿಂದ ನವೆಂಬರ್ ಎಂದು ಬರೆಯಲೂ ಇಲ್ಲ.

*

ಮಗ ಕೆಲವು ಕಾಲ ಸ್ಟುಟ್‌ಗಾರ್ಟಿನಲ್ಲಿದ್ದ. ಅಲ್ಲಿನ ಕತೆ ಕೇಳಿ ನನ್ನ ಗೊಂದಲ ಹೆಚ್ಚಿತು.

ಇಂಥ ಫೈಲುಗಳಲ್ಲಿ ಯೂರೋಪಿನವರು ಹೆಚ್ಚಾಗಿ ತುಂಬುವುದು ವೇಗ ಹಿಡಿಯುವ ಕ್ಯಾಮೆರಾಗಳನ್ನು. ಜರ್ಮನಿಯಲ್ಲಿ ಓಡುವ ಕಾರಿನಲ್ಲಿ ಅದನ್ನು ಬಳಸುವಂತಿಲ್ಲ. ಸಿಕ್ಕಿಬಿದ್ದರೆ 75 ಯೂರೊ ದಂಡ, ಫ್ಲೆನ್ಸ್‌ಬುರ್ಗಿನ ದಫ್ತರಿನಲ್ಲಿ ಚಾಲಕನ ಹೆಸರಿಗೆ ಒಂದು ಕಪ್ಪು ಅಂಕ. ಪಕ್ಕದಲ್ಲಿ ಕೂತವರ ಫೋನಿನಲ್ಲಿ ಅಂಥ ಆ್ಯಪ್ ಓಡುತ್ತಿದ್ದು ಚಾಲಕ ಅದರ ಉಪಯೋಗ ಪಡೆದರೂ ತಪ್ಪು ಎಂದು 2023ರಲ್ಲಿ ಕಾರ್ಲ್ಸ್‌ರೂಹೆಯ ಮೇಲಿನ ನ್ಯಾಯಾಲಯ ಹೇಳಿದೆ. ಸರಿ. ಆದರೆ ಅದೇ ಕಾರಿನ ರೇಡಿಯೊ ಹಾಕಿದರೆ, ಬೆಳಗಿನ ಹಾಡುಗಳ ನಡುವೆ ನಿರೂಪಕರು ಇಂದು ಎಲ್ಲೆಲ್ಲಿ ಕ್ಯಾಮೆರಾ ಇಟ್ಟಿದ್ದಾರೆ ಎಂದು ಊರಿಗೆಲ್ಲ ಸಾರುತ್ತಾರೆ. ಅದು ತಪ್ಪಲ್ಲ. ಕಿವಿ ಒಂದೇ, ಸುದ್ದಿ ಒಂದೇ.

ಸ್ವಿಟ್ಜರ್ಲೆಂಡಿನಲ್ಲಿ ಅಂಥ ಮಾಹಿತಿ ತುಂಬಿದ ಪೆಟ್ಟಿಗೆಯನ್ನು ಕಾರಿನಲ್ಲಿ ಇಟ್ಟುಕೊಂಡು ಹೋಗುವುದೂ ನಿಷಿದ್ಧ. ಬ್ರಿಟನ್ನಿನಲ್ಲಿ ಬಳಸಲು ಅಡ್ಡಿಯಿಲ್ಲ. ಅಲ್ಲಿ ಸ್ಥಿರ ಕ್ಯಾಮೆರಾದ ಡಬ್ಬಿಗಳಿಗೆ ದೂರಕ್ಕೇ ಕಾಣಲಿ ಎಂದು ಹಳದಿ ಬಣ್ಣ ಬಳಿದಿರುತ್ತಾರೆ.

ಎಲ್ಲಕ್ಕಿಂತ ಜಾಣರು ಫ್ರೆಂಚರು. 2012ರ ಜನವರಿಯ ಆದೇಶದಿಂದ ಅಲ್ಲಿ ಕ್ಯಾಮೆರಾ ಇರುವ ಬಿಂದುವನ್ನು ತೋರಿಸುವುದು ಅಪರಾಧವಾಯಿತು, 1,500 ಯೂರೊವರೆಗೆ ದಂಡ. ಪೆಟ್ಟಿಗೆ ಮಾರುವವರು ಅದಕ್ಕೂ ಮೊದಲೇ ಸರಕಾರದ ಜೊತೆ ಕೂತು ಒಂದು ದಾರಿ ಕಂಡುಕೊಂಡಿದ್ದರು. ಕ್ಯಾಮೆರಾ ಎನ್ನಬಾರದು, ‘ಅಪಾಯದ ವಲಯ’ ಎನ್ನಬೇಕು. ಬಿಂದು ತೋರಿಸಬಾರದು, ರಸ್ತೆಯ ಒಂದು ತುಂಡನ್ನು ತೋರಿಸಬೇಕು: ಊರೊಳಗೆ 300 ಮೀಟರ್, ಊರಾಚೆ 2 ಕಿ.ಮೀ., ಮೋಟಾರುದಾರಿಯಲ್ಲಿ 4 ಕಿ.ಮೀ. ಆ ತುಂಡಿನಲ್ಲಿ ಕ್ಯಾಮೆರಾ ಇದ್ದೀತು, ಇಲ್ಲದೆಯೂ ಇದ್ದೀತು. ರೈನ್ ನದಿ ದಾಟಿ ಸ್ಟ್ರಾಸ್‌ಬುರ್ಗಿಗೆ ಹೋಗುವಾಗ ಸೇತುವೆಯ ಈಚೆ ದಡದಲ್ಲಿ ಬಾಯಿ ಮುಚ್ಚಿರಬೇಕಾದ ಪೆಟ್ಟಿಗೆ ಆಚೆ ದಡದಲ್ಲಿ ಮರ್ಯಾದಸ್ಥ ಚಾಲಕಮಿತ್ರ.

ನಾನು ಇದನ್ನು ಬರೀ ಕಾನೂನಿನ ಕಸರತ್ತು ಎಂದು ನಕ್ಕು ಬಿಡುತ್ತಿದ್ದೆ. ಆದರೆ ಭಾವನ ಪಟ್ಟಿ ಕೇಳಿದ ಮೇಲೆ ನಗು ಬರುತ್ತಿಲ್ಲ. ಸೋಮೇಶ್ವರದ ಕೆಳಗೆ ಕಾಲು ಸಡಿಲಾಗುವುದು ಯಾವ ಅಕ್ಷಾಂಶದಲ್ಲಿ? ಅದೂ ಒಂದು ತುಂಡು ರಸ್ತೆಯೇ. ನಮ್ಮ ಕೇಂದ್ರ ಸಾರಿಗೆ ಸಚಿವಾಲಯ ‘ಬ್ಲ್ಯಾಕ್ ಸ್ಪಾಟ್’ ಎಂದು ಕರೆಯುವುದು ಕೂಡ ಹೆಸರಿಗಷ್ಟೇ ಬಿಂದು. ಅದರ ವ್ಯಾಖ್ಯೆಯಲ್ಲಿರುವುದು ಹೆಚ್ಚುಕಡಿಮೆ 500 ಮೀಟರ್ ಉದ್ದದ ರಸ್ತೆ. ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತ, ಇಲ್ಲವೇ ಹತ್ತು ಸಾವು ಆದ ಮೇಲೆ ಆ ತುಂಡಿಗೆ ಹೆಸರು ಸಿಗುತ್ತದೆ. ಐದನೆಯ ಅಪಘಾತದ ತನಕ, ಇಲ್ಲವೇ ಹತ್ತನೆಯವನ ತನಕ ಕಾಯಬೇಕು. ಭಾವನ ಮರದ ನೆರಳು ಇನ್ನೂ ಯಾವ ಲೆಕ್ಕಕ್ಕೂ ಬಂದಿಲ್ಲ.

*

ವೇಗ ಹಿಡಿಯುವ ಕ್ಯಾಮೆರಾದ ಮೂಲಪುರುಷ ಮಾರಿಸ್ ಗಾಟ್ಸೊನೀಡೆಸ್ ಎಂಬ ಡಚ್ಚಿನವ. ಜಾವಾದಲ್ಲಿ ಹುಟ್ಟಿದ ರ‍್ಯಾಲಿ ಚಾಲಕ, 1953ರ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದವ. ತಿರುವಿನಲ್ಲಿ ತನ್ನ ಕಾರಿನ ವೇಗ ಎಷ್ಟಿದೆ ಎಂದು ಅಳೆದು, ಇನ್ನೂ ಜೋರಾಗಿ ಹೋಗುವುದು ಹೇಗೆಂದು ಕಲಿಯಲು ಮಾಡಿಕೊಂಡ ಉಪಕರಣ ಅದು. ಆಮೇಲೆ ಪೊಲೀಸರ ಕೈಸೇರಿತು. ಬ್ರಿಟನ್ನಿನಲ್ಲಿ ಈಗಲೂ ಆ ಡಬ್ಬಿಯನ್ನು ‘ಗಾಟ್ಸೊ’ ಎನ್ನುತ್ತಾರೆ.

ಡಬ್ಬಿ ಬಿಂದುವಿನಲ್ಲಿ ನಿಂತಿರುವುದರಿಂದ ಜನ ಅದರ ಮುಂದೆ ಬ್ರೇಕ್ ಒತ್ತಿ, ದಾಟಿದ ಮೇಲೆ ಹಾರುತ್ತಾರೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕ್ಯಾಮೆರಾ ಕಮಾನು ಕಂಡಾಗ ಮಗನೂ ಅದನ್ನೇ ಮಾಡುವುದು ನೋಡಿದ್ದೇನೆ. ಇದಕ್ಕೆ ಮದ್ದು ಎರಡು ಕ್ಯಾಮೆರಾಗಳ ನಡುವಿನ ಸರಾಸರಿ ಅಳೆಯುವುದು. ಹತ್ತು ಕಿ.ಮೀ. ಅಂತರ, ನೂರರ ಮಿತಿ ಇದ್ದರೆ ಆರು ನಿಮಿಷಕ್ಕೆ ಮೊದಲು ಎರಡನೆಯದನ್ನು ಮುಟ್ಟಿದವನಿಗೆ ಚೀಟಿ. ಅಲ್ಲಿಗೆ ಪೊಲೀಸರಿಗೂ ಬಿಂದು ಸಾಲದೆ ಬಂತು.

*

ಆನೆಯ ಪ್ರಶ್ನೆ ಬೇರೆಯೇ. ಮಗ ಬಂಡೀಪುರದ ರಸ್ತೆಯಲ್ಲಿ ಆನೆ ದಾಟುವ ಜಾಗಗಳನ್ನು ಹಾಕಿದ್ದಾನೆ. ಆ ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಅಂದರೆ ಕಾಲಂ ಇಲ್ಲದ ಹೊತ್ತನ್ನು ಅಲ್ಲಿ ಗೇಟು ಹಾಕಿ ಹೇಳಿದ್ದಾರೆ.

ತಮಿಳುನಾಡಿನ ವಾಲ್ಪಾರೈಯಲ್ಲಿ ಇನ್ನೊಂದು ಬಗೆ. ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಚಹಾ ತೋಟಗಳ ನಡುವೆ ಕಂಬಗಳ ಮೇಲೆ ಕೆಂಪು ದೀಪ ಇಟ್ಟಿದ್ದಾರೆ. ಹತ್ತಿರದಲ್ಲಿ ಆನೆ ಕಂಡವರು ಫೋನ್ ಮಾಡಿದರೆ ದೀಪ ಹೊತ್ತಿಕೊಳ್ಳುತ್ತದೆ, ಜನರ ಮೊಬೈಲಿಗೆ ಸಂದೇಶ ಹೋಗುತ್ತದೆ. ಆನೆ ಹೋದರೆ ದೀಪವೂ ಆರುತ್ತದೆ. ನಮ್ಮ ಫೈಲಿನ ಆನೆ ಮಾತ್ರ ವರ್ಷವಿಡೀ ಒಂದೇ ಕಡೆ ನಿಂತಿರುತ್ತದೆ.

*

ಚಿತ್ರ ಹಾಕಬಹುದು. ಫೈಲಿನದೇ ಹೆಸರಿನ ಪುಟ್ಟ ಬಿಟ್‌ಮ್ಯಾಪ್ ಪಕ್ಕದಲ್ಲಿಟ್ಟರೆ ಪರದೆಯ ಮೇಲೆ ಅದೇ ಗುರುತು. ಕಡುಗುಲಾಬಿ ಬಳಿದ ಭಾಗ ಪಾರದರ್ಶಕವಾಗುತ್ತದಂತೆ. ಮಗ ಬರೆದ ಆನೆಗೆ ಸೊಂಡಿಲು ಎರಡು ಚುಕ್ಕಿ; ನೋಡಿದವರು ಹಂದಿ ಎನ್ನುತ್ತಾರೆ.

ದನಿಯನ್ನೂ ಹಾಕಬಹುದು. ಅದೇ ಹೆಸರಿನ ಧ್ವನಿ ಫೈಲ್ ಇದ್ದರೆ ಮಾಮೂಲಿ ಗಂಟೆಯ ಬದಲು ಅದು ಕೇಳಿಸುತ್ತದೆ. ಭಾವ ಗಂಟಲು ಸರಿಮಾಡಿಕೊಂಡು ಫೋನಿಗೆ “ಹೋಲ್ಡಾನ್” ಎಂದು ಕೂಗಿದರು, ಬಸ್ಸಿನ ಹಿಂದಿನ ಬಾಗಿಲಿನಿಂದ ಕಂಡಕ್ಟರ್ ಕೂಗುವ ರಾಗದಲ್ಲಿ. ಅಕ್ಕ ಒಳಗಿನಿಂದ ಯಾರು ಬಂದರೆಂದು ಕೇಳಿದಳು.

*

ಪರೀಕ್ಷೆಗೆ ಮೂವರೂ ಹೊರಟೆವು. ಹಂಪುಗಳ ಮುಂದೆ ಭಾವನ ದನಿ ಸರಿಯಾಗಿಯೇ ಬಂತು. ಭಾವ ಹಿಂದೆ ಕೂತು ಅದಕ್ಕೂ ಮೊದಲೇ, ಪ್ರತಿ ಸಲವೂ, ತಾವೇ “ಹೋಲ್ಡಾನ್” ಅನ್ನುತ್ತಿದ್ದರು. ಎರಡು ಕಡೆ ಪಂಚಾಯಿತಿಯವರು ಹಂಪು ಕಿತ್ತುಹಾಕಿದ್ದರು; ಪೆಟ್ಟಿಗೆ ಬಯಲು ರಸ್ತೆಗೆ ಕೂಗಿತು. ಒಂದು ಕಡೆ ಹೊಸದಾಗಿ ಹಾಕಿದ್ದರು. ಅಲ್ಲಿ ಪೆಟ್ಟಿಗೆ ಸುಮ್ಮನಿತ್ತು, ನನ್ನ ತಲೆ ಕಾರಿನ ಮಾಡಿಗೆ ಬಡಿಯಿತು.

ತಿದ್ದುವುದು ಸುಲಭವಲ್ಲ. ಮತ್ತೆ ಲೋಡ್ ಮಾಡಿದರೆ ಹಳೆಯ ಗಂಟಿನ ಜಾಗದಲ್ಲಿ ಹೊಸ ಗಂಟು ಬಂದು ಕೂರುತ್ತದೆ. ಒಂದು ಸಾಲು ಬದಲಾದರೂ ಪೂರ್ತಿ ಕಟ್ಟಬೇಕು. ಮೂಲ ಫೈಲ್ ಬೆಂಗಳೂರಿಗೆ ಹೋಗುವ ಲ್ಯಾಪ್‌ಟಾಪಿನಲ್ಲಿದೆ. ಹಾಗಾಗಿ ಭಾವ ಹಳೆಯ ಡೈರಿಯೊಂದನ್ನು ತೆಗೆದು ತಿದ್ದುಪಡಿ ಬರೆದಿಡತೊಡಗಿದ್ದಾರೆ. ಅದರಲ್ಲಿ ಡಿಗ್ರಿ ದಶಮಾಂಶ ಒಂದೂ ಇಲ್ಲ. ಇಂಥ ಮೈಲಿಗಲ್ಲು ದಾಟಿ ಎರಡನೇ ಮೋರಿ, ಇಂಥವರ ಮನೆಯ ಹಲಸಿನ ಮರ, ಹೀಗೆ.

*

ಕೊನೆಗೆ ಉಳಿದದ್ದು ಒಂದು ಶಾಲೆ. ತಿರುವು ಕಳೆದ ಕೂಡಲೇ ಗೇಟು, ನಾಲ್ಕೂವರೆಗೆ ಮಕ್ಕಳು ಒಟ್ಟಿಗೆ ರಸ್ತೆಗೆ ಬೀಳುತ್ತಾರೆ. ಭಾನುವಾರ ಇಲ್ಲ, ದಸರಾ ರಜೆಯಲ್ಲಿ ಇಲ್ಲ, ಜೋರು ಮಳೆಗೆ ರಜೆ ಕೊಟ್ಟ ದಿನವೂ ಇಲ್ಲ. ಸುಮ್ಮಸುಮ್ಮನೆ ಕೂಗಿದರೆ ಕಿವಿ ಅಭ್ಯಾಸವಾಗಿ, ಬೇಕಾದ ದಿನವೇ ಕೇಳಿಸದೆ ಹೋಗಬಹುದು ಎಂದು ಮಗನ ವಾದ. ನನಗೂ ಅದು ಸರಿ ಎನಿಸಿತು. ಬಿಡೋಣವೇ ಎಂದು ಕೇಳಿದ.

ಭಾವ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು.

“ಹಾಕು. ಇಪ್ಪತ್ತು ಹಾಕು. ರಜೆ ದಿನವೂ ಬಡ್ಕೊಳ್ಳಲಿ.”